ಪಿ 0131 ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ತೋರಣಗಲ್ಲು ಶಿಫ್ಟ್

ಎಲ್ಲರಿಗೂ ನಮಸ್ಕಾರ. ನಾನಿರೋದು ಬಳ್ಳಾರಿಯಲ್ಲಿ, ದಿನಾ ತೋರಣಗಲ್ಲಿಗೆ ಡ್ಯೂಟಿಗೆ ಓಡಾಟ. ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ಬಿಎಸ್ 4. ಓಡಿರೋದು 90 ಸಾವಿರ ಚಿಲ್ಲರೆ ಕಿಲೋಮೀಟರ್.

ಹೋದ ತಿಂಗಳಿಂದ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ಮೈಲೇಜ್ 17 ಇದ್ದದ್ದು 13ಕ್ಕೆ ಇಳಿದಿದೆ. ಕುಡುತಿನಿ ಹತ್ತಿರ ಅದಿರು ಲಾರಿಗಳ ಹಿಂದೆ ನಿಧಾನಕ್ಕೆ ಹೋಗುವಾಗ ಸಣ್ಣಗೆ ಜರ್ಕ್ ಹೊಡೆಯುತ್ತದೆ. ಎಂಜಿನ್ ಚಾಲೂ ಇಟ್ಟು ಗಾಡಿ ಹಿಂದೆ ನಿಂತರೆ ಪೆಟ್ರೋಲ್ ವಾಸನೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0131, ಪಿ 0171 ಅಂತ ಎರಡು ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ" ಅಂದರು. ಹೇಳಿದ ರೇಟು ನನ್ನ ತಿಂಗಳ ಪೆಟ್ರೋಲ್ ಖರ್ಚಿಗಿಂತ ಜಾಸ್ತಿ.

ದುಡ್ಡು ಹಾಕೋದಕ್ಕೆ ಮುಂಚೆ ನಿಜವಾಗಿ ಸೆನ್ಸರೇ ಹೋಗಿದೆಯಾ ಅಂತ ತಿಳಿಯೋದು ಹೇಗೆ? ಮಲ್ಟಿಮೀಟರ್ ಇದೆ. ಗಾಡಿಯ ರೀಡಿಂಗ್ ಫೋನಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಡಾಂಗಲ್ ಬೇಕಾದರೆ ತರಿಸುತ್ತೇನೆ.

ರಾಯಚೂರು ಟ್ಯಾಕ್ಸಿ

ಅಣ್ಣಾ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 90 ಸಾವಿರ ಓಡಿದೆ ಅಂದರೆ ಸೆನ್ಸರ್ ಹಳೇದಾಗಿದೆ. ನಮ್ಮ ಸ್ಟ್ಯಾಂಡಿನಲ್ಲಿ ಲಕ್ಷ ದಾಟಿದ ಗಾಡಿಗಳಿಗೆ ಸುಮಾರು ಜನ ಹಾಕಿಸಿದ್ದಾರೆ. ಕಂಪ್ಯೂಟರ್ ಕೋಡೇ ಸೆನ್ಸರ್ ಅಂತ ಹೇಳುತ್ತಿರುವಾಗ ಇನ್ನೇನು ನೋಡಬೇಕು? ಹಾಕಿಸಿ, ನಿಶ್ಚಿಂತೆ.

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ತೋರಣಗಲ್ಲು ಸರ್, ಸ್ವಲ್ಪ ತಡೆಯಿರಿ. ಟ್ಯಾಕ್ಸಿ ಅಣ್ಣ ಹೇಳಿದ ಹಾಗೆ ಸೆನ್ಸರ್‌ಗೂ ಒಂದು ಆಯಸ್ಸಿದೆ, ಅದು ನಿಜ. ಆದರೆ ನಿಮ್ಮ ಗಾಡಿಯಲ್ಲಿ ನನಗೆ ಬೇರೆ ಏನೋ ಕಾಣುತ್ತಿದೆ.

ನೀವು ಬರೆದದ್ದರಲ್ಲಿ ಎರಡು ಮಾತು ಒಂದಕ್ಕೊಂದು ಕೂಡಿ ಬರೋದಿಲ್ಲ. ಪಿ 0131 ಅಂದರೆ ಮೊದಲನೇ ಸೆನ್ಸರಿನ ವೋಲ್ಟೇಜ್ ಕೆಳಗೇ ಕೂತಿದೆ ಅಂತ. ಪಿ 0171 ಅಂದರೆ ಮಿಕ್ಸ್ಚರ್ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅಂತ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಆದರೆ ನಿಮ್ಮ ಗಾಡಿ ಪೆಟ್ರೋಲ್ ಕುಡಿಯುತ್ತಿದೆ, ಹಿಂದೆ ವಾಸನೆ ಬರುತ್ತಿದೆ. ಪೆಟ್ರೋಲ್ ಸಾಲದ ಎಂಜಿನ್ ಹಾಗೆ ಮಾಡೋದಿಲ್ಲ ಅಲ್ವಾ? ಅಂದರೆ ಎಂಜಿನ್ ಒಳಗೆ ನಡೆಯೋದೇ ಒಂದು, ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೋಗುವ ಸುದ್ದಿಯೇ ಒಂದು. ಸೆನ್ಸರೇ ತಪ್ಪು ಹೇಳುತ್ತಿರಬಹುದು. ಇಲ್ಲಾ, ಅದರ ಮೂಗಿಗೆ ಹೊರಗಿನ ಗಾಳಿ ಬಡಿಯುತ್ತಿರಬಹುದು. ಈ ಎರಡರಲ್ಲಿ ಯಾವುದು ಅಂತ ಕೋಡ್ ಹೇಳೋದಿಲ್ಲ. ನಾವೇ ಹುಡುಕಬೇಕು.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಹುಡುಕೋದು ಸುಲಭ. ಅದರ ತುದಿಯಲ್ಲಿ ಜಿರ್ಕೋನಿಯಾ ಅನ್ನೋ ಸೆರಾಮಿಕ್ ಇರುತ್ತದೆ. ಒಂದು ಬದಿಗೆ ಎಂಜಿನ್ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸ ನೋಡಿ ಅದೇ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲ ಅಂದರೆ, ಅಂದರೆ ಪೆಟ್ರೋಲ್ ಜಾಸ್ತಿ ಇದ್ದರೆ, 0.8ರಿಂದ 0.9 ವೋಲ್ಟ್. ಆಮ್ಲಜನಕ ಉಳಿದಿದ್ದರೆ 0.1 ಆಸುಪಾಸು. ನಡುವಿನ ಗೆರೆ 0.45. ಇಸಿಯು ಪೆಟ್ರೋಲ್ ಸ್ವಲ್ಪ ಹೆಚ್ಚು, ಸ್ವಲ್ಪ ಕಮ್ಮಿ ಮಾಡುತ್ತಾ ಈ ಗೆರೆಯನ್ನು ಮೇಲೆ ಕೆಳಗೆ ದಾಟಿಸುತ್ತಲೇ ಇರುತ್ತದೆ. ಹಾಗಾಗಿ ಬಿಸಿ ಎಂಜಿನ್ನಿನಲ್ಲಿ ಒಳ್ಳೆ ಸೆನ್ಸರಿನ ಗ್ರಾಫ್ ಸುಮ್ಮನೆ ನಿಲ್ಲೋದೇ ಇಲ್ಲ. ತುದಿ 300 ಡಿಗ್ರಿ ದಾಟಿ ಕಾದರೆ ಮಾತ್ರ ಇದೆಲ್ಲ. ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ.

ಡಾಂಗಲ್ ತರಿಸಿ. ಇಎಲ್‌ಎಂ 327 ಥರದ್ದು ಸಾಕು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿ, ಫೋನಿನಲ್ಲಿ ಬ್ಯಾಂಕ್ 1 ಸೆನ್ಸರ್ 1 (ಅದೇ ಮೊದಲನೇ ಸೆನ್ಸರ್) ವೋಲ್ಟೇಜ್ ಮತ್ತು ಫ್ಯೂಯೆಲ್ ಟ್ರಿಮ್ ಮಾತ್ರ ತೆರೆಯಿರಿ. ಟ್ರಿಮ್ ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು (ಪ್ಲಸ್) ಇಲ್ಲಾ ಕಮ್ಮಿ (ಮೈನಸ್) ಮಾಡುತ್ತಿದೆ ಅನ್ನೋ ಲೆಕ್ಕ. ಹತ್ತಾರು ರೀಡಿಂಗ್ ಒಟ್ಟಿಗೆ ತೆರೆದರೆ ಈ ಸಣ್ಣ ಡಾಂಗಲ್ ನಿಧಾನವಾಗುತ್ತದೆ, ಒಳ್ಳೆ ಸೆನ್ಸರ್ ಕೂಡ ಸತ್ತ ಹಾಗೆ ಕಾಣುತ್ತದೆ. ಐಡಲಿಂಗ್‌ನಲ್ಲಿ ಒಂದು ಸಲ, 2500 ಆರ್‌ಪಿಎಂ ಹಿಡಿದು ಒಂದು ಸಲ ನೋಡಿ. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಬಾನೆಟ್ ಎತ್ತಿ ಏನು ಸದ್ದು ಬರುತ್ತದೆ ಕೇಳಿ. ಐಡಲಿಂಗ್ ಆರ್‌ಪಿಎಂ ಎಷ್ಟಿದೆ ಅಂತಲೂ ಬರೆಯಿರಿ.

ಗಂಗಾವತಿ ಭತ್ತ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಇದೇ ಗೋಳು, ಕೋಡ್ ಮಾತ್ರ ಪಿ 0135. ಗಾಡಿ ರೈಸ್ ಮಿಲ್ ಶೆಡ್ಡಿನಲ್ಲಿ ನಿಲ್ಲುತ್ತದೆ. ಇಲ್ಲಿ ಇಲಿ ಕಾಟ ಹೇಳತೀರದು, ಹೋದ ವರ್ಷ ವೈರಿಂಗ್ ಕಡಿದಿದ್ದವು. ಈ ಸಲವೂ ಅದೇ ಇರಬಹುದಾ ಅಣ್ಣಾ?

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಇರಬಹುದು. ಪಿ 0135 ಮೊದಲನೇ ಸೆನ್ಸರಿನ ಹೀಟರ್ ಸರ್ಕ್ಯೂಟಿನದು. ಇದು ಮಲ್ಟಿಮೀಟರಿನಲ್ಲೇ ಗೊತ್ತಾಗುತ್ತದೆ. ಮೊದಲು ಫ್ಯೂಸ್ ನೋಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಸೆನ್ಸರಿನ ಕಪ್ಲರ್ ಬಿಚ್ಚಿ. ನಾಲ್ಕು ವೈರ್ ಇರುತ್ತವೆ. ಒಂದೇ ಬಣ್ಣದ ಎರಡು ವೈರ್ ಹೀಟರಿನವು. ಬಾಶ್ ಸೆನ್ಸರ್ ಆದರೆ ಎರಡು ಬಿಳಿ, ಡೆನ್ಸೊ ಆದರೆ ಸಾಮಾನ್ಯವಾಗಿ ಎರಡು ಕಪ್ಪು. ಸೆನ್ಸರ್ ಕಡೆಯ ಆ ಎರಡರ ನಡುವೆ ಓಮ್ ಅಳೆಯಿರಿ. ಹೆಚ್ಚಿನ ಸೆನ್ಸರುಗಳಲ್ಲಿ ಎರಡು ಮೂರರಿಂದ 15 ಓಮ್ ಒಳಗೆ ಬರುತ್ತದೆ. ಮೀಟರ್ ಏನೂ ತೋರಿಸಲಿಲ್ಲ ಅಂದರೆ ಒಳಗಿನ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಿಸಲೇಬೇಕು. ಓಮ್ ಸರಿಯಿದ್ದರೆ ಗಾಡಿ ಕಡೆಯ ಕಪ್ಲರಿನಲ್ಲಿ, ಎಂಜಿನ್ ಚಾಲೂ ಇಟ್ಟು, 12 ವೋಲ್ಟ್ ಬರುತ್ತಿದೆಯಾ ನೋಡಿ. ಬರಲಿಲ್ಲ ಅಂದರೆ ಆಗ ಇಲಿ ಹುಡುಕಿ.

ಒಂದು ಎಚ್ಚರಿಕೆ. ಓಮ್ ಮೋಡಿನಲ್ಲಿ ಸಿಗ್ನಲ್ ವೈರ್ ಮುಟ್ಟಬೇಡಿ, ಮೀಟರಿನ ಕರೆಂಟ್ ಸೆರಾಮಿಕ್ಕಿಗೆ ಒಳ್ಳೇದಲ್ಲ. ಕಪ್ಲರಿಗೆ ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಎಷ್ಟೋ ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಅಲ್ಲಿ ಎಣ್ಣೆ ಹೋದರೆ ರೀಡಿಂಗ್ ಕೆಡುತ್ತದೆ.

ತೋರಣಗಲ್ಲು ಶಿಫ್ಟ್

ಮೇಸ್ತ್ರಿ ಅಣ್ಣಾ, ಡಾಂಗಲ್ ಬಂತು. ನೀವು ಹೇಳಿದ್ದೆಲ್ಲ ನೋಡಿದೆ.

ಐಡಲಿಂಗ್‌ನಲ್ಲಿ ಸೆನ್ಸರ್ 0.1, 0.15 ಅಲ್ಲೇ ಒದ್ದಾಡುತ್ತದೆ, ಅಪರೂಪಕ್ಕೆ 0.4 ಮುಟ್ಟುತ್ತದೆ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 24. 2500 ಹಿಡಿದಾಗ ಅದೇ ಸೆನ್ಸರ್ 0.1ರಿಂದ 0.8ಕ್ಕೆ ಚೆನ್ನಾಗಿ ಕುಣಿಯುತ್ತದೆ. ಟ್ರಿಮ್ ಪ್ಲಸ್ 9ಕ್ಕೆ ಇಳಿಯುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ 0.85ಕ್ಕೆ ಜಿಗಿಯುತ್ತದೆ.

ಪ್ಲಗ್ ಕಪ್ಪಗಿದೆ, ಬೆರಳಿಗೆ ಮಸಿ ಅಂಟುತ್ತದೆ. ಐಡಲಿಂಗ್ 750, ಅಲ್ಲಾಡೋದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದುಗಡೆಯಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ. ಎಂಜಿನ್ ಕಾದ ಮೇಲೆ ನಿಲ್ಲುತ್ತದೆ. ಟ್ಯಾಪೆಟ್ ಸದ್ದು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು.

ಡಿಪ್ಲೊಮಾ ಮೆಕ್ಯಾನಿಕಲ್

ಐಡಲಿಂಗ್‌ನಲ್ಲಿ ಟ್ರಿಮ್ ಜಾಸ್ತಿ, 2500ರಲ್ಲಿ ಕಮ್ಮಿ. ಇದು ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಕಡೆಯ ವ್ಯಾಕ್ಯೂಮ್ ಲೀಕ್ ಅಂತ ಕಾಲೇಜಿನಲ್ಲಿ ಓದಿದ ನೆನಪು. ನಮ್ಮ ಕಡೆ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ರಬ್ಬರ್ ಪೈಪ್ ಗಟ್ಟಿಯಾಗಿ ಸೀಳೋದು ಮಾಮೂಲಿ. ಮೊದಲು ಇನ್‌ಟೇಕ್ ಪೈಪುಗಳನ್ನೇ ನೋಡಬೇಕು ಅಲ್ವಾ ಸರ್?

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಒಳ್ಳೆ ಪ್ರಶ್ನೆ ತಮ್ಮಾ. ಟ್ರಿಮ್ ನಂಬರ್ ಮಾತ್ರ ನೋಡಿದರೆ ನೀನು ಹೇಳಿದ್ದೇ ಸರಿ. ಆದರೆ ಪ್ಲಗ್ ನೋಡು.

ಇನ್‌ಟೇಕ್ ಕಡೆ ಗಾಳಿ ಸೋರಿದರೆ ಆ ಗಾಳಿ ಎಂಜಿನ್ ಒಳಗೇ ಹೋಗುತ್ತದೆ. ಮಿಕ್ಸ್ಚರ್ ನಿಜವಾಗಿಯೂ ಲೀನ್ ಆಗುತ್ತದೆ. ಸೆನ್ಸರ್ ಅದನ್ನು ಸರಿಯಾಗಿ ಹೇಳುತ್ತದೆ, ಇಸಿಯು ಪೆಟ್ರೋಲ್ ಸೇರಿಸಿ ಸರಿದೂಗಿಸುತ್ತದೆ. ಆಗ ಪ್ಲಗ್ ಮಸಿ ಹಿಡಿಯೋದಿಲ್ಲ. ಇನ್ನೊಂದು, ಇಂಥ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನವು, ಗಾಳಿ ಅಳೆಯುವ ಮಾಫ್ ಇರೋದಿಲ್ಲ. ಇವುಗಳಲ್ಲಿ ವ್ಯಾಕ್ಯೂಮ್ ಲೀಕ್ ಆದರೆ ಮೊದಲು ಐಡಲಿಂಗ್ ಏರುತ್ತದೆ, ಇಲ್ಲಾ ಏರಿ ಇಳಿಯುತ್ತದೆ. ಸರ್ ಗಾಡಿ 750ಕ್ಕೆ ಗಟ್ಟಿಯಾಗಿ ನಿಂತಿದೆ.

ಈಗ ಸೋರಿಕೆ ಸೆನ್ಸರಿನ ಮುಂಚೆ, ಎಕ್ಸಾಸ್ಟ್ ಕಡೆ ಇದೆ ಅಂದುಕೋ. ಹೊಗೆ ಒಂದೇ ಸಮ ಹೊರಗೆ ಬರೋದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಎರಡು ಹೊಡೆತದ ನಡುವೆ ಪೈಪಿನೊಳಗೆ ಒತ್ತಡ ಬಿದ್ದು ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಎಂಜಿನ್ ಸರಿಯಾಗಿಯೇ ಉರಿಯುತ್ತಿದೆ, ಆದರೂ ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ. "ಲೀನ್" ಅನ್ನುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಹಿಂದೆ ವಾಸನೆ ಬರುತ್ತದೆ. ಐಡಲಿಂಗ್‌ನಲ್ಲಿ ಹೊಗೆ ಕಮ್ಮಿ ಇರೋದರಿಂದ ಸೋರಿದ ಗಾಳಿಯ ಪಾಲು ದೊಡ್ಡದು. 2500ರಲ್ಲಿ ಹೊಗೆ ರಭಸವಾಗಿ ಬರುತ್ತದೆ, ಸೋರಿದ ಗಾಳಿ ಲೆಕ್ಕಕ್ಕೆ ಬರೋದಿಲ್ಲ. ಸರ್ ಬರೆದ ರೀಡಿಂಗ್ ಇದೇ ಅಲ್ವಾ?

ಆ ಟಕ್ ಟಕ್ ಸದ್ದೂ ಇದನ್ನೇ ಹೇಳುತ್ತದೆ. ತಣ್ಣಗಿರುವಾಗ ಜಾಯಿಂಟ್ ಮುಚ್ಚುವ ಗ್ಯಾಸ್ಕೆಟ್ ಸಂದಿ ಬಿಟ್ಟಿರುತ್ತದೆ. ಲೋಹ ಕಾದು ಹಿಗ್ಗಿದರೆ ಸಂದಿ ಸ್ವಲ್ಪ ಮುಚ್ಚುತ್ತದೆ, ಸದ್ದು ಅಡಗುತ್ತದೆ.

ಇನ್ನು ಸೆನ್ಸರಿನ ವಿಷಯ. 2500ರಲ್ಲಿ 0.1ಕ್ಕೂ 0.8ಕ್ಕೂ ಕುಣಿಯುವ ಸೆನ್ಸರ್, ಒಮ್ಮೆಲೇ ಎತ್ತಿದಾಗ 0.85 ತೋರಿಸುವ ಸೆನ್ಸರ್ ಸತ್ತಿಲ್ಲ. ಸತ್ತದ್ದಾದರೆ ಏನು ಮಾಡಿದರೂ ಒಂದೇ ಕಡೆ ಮಲಗಿರುತ್ತದೆ, ಇಲ್ಲಾ ಏಳೋದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಆ ನಿಧಾನದ ಕಾಯಿಲೆಗೆ ಪಿ 0133 ಅಂತ ಬೇರೆ ಕೋಡೇ ಇದೆ.

ಸರ್, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಕೂಡಿಸುವ ಪೈಪ್) ಮೇಲಿನ ತಗಡಿನ ಹೀಟ್ ಶೀಲ್ಡ್ ಬಿಚ್ಚಿಸಿ. ಟಾರ್ಚ್ ಹಿಡಿದು ಎಂಜಿನ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಜಾಯಿಂಟ್ ನೋಡಿ, ಕಪ್ಪು ಮಸಿ ಇದೆಯಾ ಅಂತ. ಆಮೇಲೆ ಸ್ಟಾರ್ಟ್ ಮಾಡಿಸಿ, ಸಾಬೂನು ನೀರು ಜಾಯಿಂಟಿಗೆ ಚಿಮುಕಿಸಿ. ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಅರ್ಧ ಅಡ್ಡ ಹಿಡಿಯಲಿ, ಕೈಗವಸು ಹಾಕಿಕೊಂಡು, ಒಂದೆರಡು ಕ್ಷಣ ಅಷ್ಟೇ. ಸೋರಿಕೆ ಇದ್ದರೆ ಗುಳ್ಳೆ ಏಳುತ್ತದೆ. ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ.

ರಾಯಚೂರು ಟ್ಯಾಕ್ಸಿ

ಇದು ನನಗೆ ಹೊಸ ವಿಷಯ. ಹಾಗಾದರೆ ಪಿಯುಸಿ ಚೀಟಿ ನೋಡಿದರೆ ಗೊತ್ತಾಗೋದಿಲ್ವಾ? ಅದರಲ್ಲೂ ಕಾರ್ಬನ್ ಮೊನಾಕ್ಸೈಡ್ ಬರೆದಿರುತ್ತಾರಲ್ಲ.

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಅರ್ಧ ಗೊತ್ತಾಗುತ್ತದೆ. ಬಿಎಸ್ 4 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಸಿಒ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಕೋಡ್ ಲೀನ್ ಅನ್ನುತ್ತಿರುವಾಗ ಚೀಟಿಯಲ್ಲಿ ಸಿಒ ಜಾಸ್ತಿ ಬಂದಿದ್ದರೆ ಸೆನ್ಸರಿಗೆ ಸಿಗುತ್ತಿರುವ ಸುದ್ದಿ ಸರಿಯಿಲ್ಲ ಅಂತ ಪಕ್ಕಾ ಆಯಿತು. ಆದರೆ ಕಮ್ಮಿ ಬಂದರೆ ಏನೂ ತಿಳಿಯೋದಿಲ್ಲ. ಸೈಲೆನ್ಸರ್ ದಾರಿಯ ನಡುವೆ ಕ್ಯಾಟಲಿಟಿಕ್ ಕನ್ವರ್ಟರ್ ಕೂತು ಹೊಗೆಯನ್ನು ಶುದ್ಧ ಮಾಡಿಬಿಟ್ಟಿರುತ್ತದೆ.

ಟ್ರಿಮ್ ನೋಡುವವರು ಇನ್ನೊಂದು ತಿಳಿದಿರಿ. ಶುದ್ಧ ಪೆಟ್ರೋಲಿಗೆ ಗಾಳಿ ಪೆಟ್ರೋಲ್ ಲೆಕ್ಕ 14.7ಕ್ಕೆ 1. ಈಗ ಬಂಕಿನಲ್ಲಿ ಸಿಗೋದು ಇ 20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಇ 20ಯ ಲೆಕ್ಕ ಸುಮಾರು 13.5ಕ್ಕೆ 1. ಹಳೆ ಗಾಡಿಗಳ ಇಸಿಯು ಇದಕ್ಕೆ ಸ್ವಲ್ಪ ಪೆಟ್ರೋಲ್ ಸೇರಿಸಲೇಬೇಕು. ಪ್ಲಸ್ 5, ಪ್ಲಸ್ 7 ಕಂಡರೆ ಗಾಬರಿ ಬೇಡ. ಪ್ಲಸ್ 24 ಇ 20ಯಿಂದ ಬರೋದಿಲ್ಲ.

ಗಂಗಾವತಿ ಭತ್ತ

ಅಣ್ಣಾ, ನೋಡಿಸಿದೆ. ಇಲಿ ಈ ಸಲ ಏನೂ ಮಾಡಿಲ್ಲ. ಫ್ಯೂಸ್ ಸರಿ, ಕಪ್ಲರಿನಲ್ಲಿ 12 ವೋಲ್ಟ್ ಬರುತ್ತಿದೆ. ಸೆನ್ಸರಿನ ಎರಡು ಬಿಳಿ ವೈರ್ ನಡುವೆ ಮೀಟರ್ ಏನೂ ತೋರಿಸುತ್ತಿಲ್ಲ. ಹಾಗಾದರೆ ನನ್ನದು ಹೋಗಿದೆ ಅಂತ ಅರ್ಥ ಅಲ್ವಾ? ಬಿಚ್ಚೋದು ನಾವೇ ಮಾಡಬಹುದಾ?

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಹೌದು, ನಿಮ್ಮದು ಹೋಗಿದೆ. ಧೈರ್ಯವಾಗಿ ಹೊಸದು ತನ್ನಿ. ಗಾಡಿ ಮಾಡೆಲ್ಲಿಗೆ ಸರಿಯಾದ ಪಾರ್ಟ್ ನಂಬರಿನದೇ ತನ್ನಿ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರ್ ಬೇಡ.

ಬಿಚ್ಚೋದಕ್ಕೆ 22 ಎಂಎಂ ಪಾನಾ. ವೈರ್ ಹೊರಗೆ ಬಿಡಲು ಪಕ್ಕದಲ್ಲಿ ಸೀಳಿರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೇದು. ಪೂರ್ತಿ ತಣ್ಣಗಾದರೆ ಥ್ರೆಡ್ ಹಿಡಿದುಕೊಂಡಿರುತ್ತದೆ, ಪೂರ್ತಿ ಕಾದಿದ್ದರೆ ಕೈ ಸುಡುತ್ತದೆ. ಉಗುರು ಬೆಚ್ಚಗೆ ಇರುವಾಗ ಬಿಚ್ಚಿ. ಬರಲಿಲ್ಲ ಅಂದರೆ ಥ್ರೆಡ್ಡಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೇ ಬಿಡಿ. ಜೋರು ಮಾಡಿ ಥ್ರೆಡ್ ಕಿತ್ತರೆ ಸೆನ್ಸರ್ ರೇಟಿನ ಎರಡರಷ್ಟು ಕೆಲಸ ಬರುತ್ತದೆ.

ಹೊಸದರ ಥ್ರೆಡ್ಡಿಗೆ ಕಂಪನಿಯವರೇ ಆಂಟಿ ಸೀಜ್ ಪೇಸ್ಟ್ ಹಚ್ಚಿರುತ್ತಾರೆ. ಇಲ್ಲದಿದ್ದರೆ ಮಾತ್ರ ತೆಳ್ಳಗೆ ಹಚ್ಚಿ, ತುದಿಗೆ ತಾಗಬಾರದು. ಸೆನ್ಸರ್ ಕೆಳಗೆ ಬೀಳಿಸಬೇಡಿ, ಒಳಗಿನ ಸೆರಾಮಿಕ್ ಬಿರಿಯುತ್ತದೆ, ಹೊರಗೆ ಕಾಣೋದಿಲ್ಲ. ವೈರನ್ನು ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಹಳೇ ಕ್ಲಿಪ್ಪಿನಲ್ಲೇ ಕೂರಿಸಿ.

ಬಿಚ್ಚಿದ ಹಳೇದನ್ನು ಎಸೆಯೋ ಮುಂಚೆ ತುದಿ ನೋಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬಿದ್ದಿದೆ. ಬಿಳಿ ಪುಡಿ ಇದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು, ಇಲ್ಲಾ ಹಿಂದಿನ ಕೆಲಸದಲ್ಲಿ ಸಿಲಿಕಾನ್ ಸೀಲಂಟ್ ಮೆತ್ತಿರಬಹುದು. ಅಂಥ ಕಾರಣ ಹಾಗೇ ಬಿಟ್ಟು ಹೊಸದು ಹಾಕಿದರೆ ಹೊಸದೂ ಹಾಗೇ ಹೋಗುತ್ತದೆ.

ತೋರಣಗಲ್ಲು ಶಿಫ್ಟ್

ಸಿಕ್ಕಿತು!

ಹೀಟ್ ಶೀಲ್ಡ್ ಬಿಚ್ಚಿದ ತಕ್ಷಣ ಕಂಡಿತು. ನಮ್ಮ ರಸ್ತೆಯ ಕೆಂಪು ಅದಿರು ಧೂಳು ಎಂಜಿನ್ ಹೆಡ್ ಮೇಲೆ ಬಣ್ಣ ಬಳಿದ ಹಾಗೆ ಕೂತಿತ್ತು. ನಾಲ್ಕನೇ ಸಿಲಿಂಡರ್ ಹತ್ತಿರ ಮಾತ್ರ ಆ ಕೆಂಪಿನ ಮೇಲೆ ಕಪ್ಪು ಮಸಿ ಬೀಸಣಿಗೆ ಥರ ಹರಡಿತ್ತು. ಸಾಬೂನು ನೀರಿಗೆ ಅಲ್ಲೇ ಬುಳುಬುಳು ಗುಳ್ಳೆ. ಮೂಲೆಯ ನಟ್ ಕೈಯಲ್ಲೇ ತಿರುಗಿತು. ಮ್ಯಾನಿಫೋಲ್ಡ್ ಇಳಿಸಿ ನೋಡಿದರೆ ಗ್ಯಾಸ್ಕೆಟ್ ಆ ಜಾಗದಲ್ಲಿ ಸುಟ್ಟು ಹೋಗಿತ್ತು. ಹಿಂದೆ ಬೇರೆ ಕೆಲಸಕ್ಕೆ ಅದನ್ನು ಬಿಚ್ಚಿದ್ದರು, ಆಗ ಹಳೇ ಗ್ಯಾಸ್ಕೆಟ್ಟೇ ಹಾಕಿ ಮುಚ್ಚಿರಬೇಕು.

ಹೊಸ ಗ್ಯಾಸ್ಕೆಟ್, ಹೊಸ ನಟ್ ಹಾಕಿ, ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಟಾರ್ಕ್ ಪಾನಾದಲ್ಲಿ ಬಿಗಿಸಿದರು. ಗ್ಯಾಸ್ಕೆಟ್ಟಿಗೂ ಕೂಲಿಗೂ ಸೇರಿ ಸೆನ್ಸರ್ ರೇಟಿನ ಕಾಲು ಭಾಗವೂ ಆಗಲಿಲ್ಲ. ಸೆನ್ಸರ್ ಹಳೇದೇ ಇದೆ. ಈಗ ಐಡಲಿಂಗ್‌ನಲ್ಲೂ ಕುಣಿಯುತ್ತಿದೆ, ಟ್ರಿಮ್ ಪ್ಲಸ್ 5. ಬೆಳಗಿನ ಸದ್ದೂ ಇಲ್ಲ, ಜರ್ಕೂ ಇಲ್ಲ. ಮೈಲೇಜ್ 16 ದಾಟಿದೆ. ಅಣ್ಣಾ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ.

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಬಹಳ ಖುಷಿಯಾಯಿತು ಸರ್. ಪ್ಲಗ್ ಸ್ವಚ್ಛ ಮಾಡಿಸಿ ಅಥವಾ ಬದಲಿಸಿ. ಹೊಸಪೇಟೆ ಕಡೆ ಹೈವೇಯಲ್ಲಿ ಒಮ್ಮೆ ಒಳ್ಳೆ ಸ್ಪೀಡಿನಲ್ಲಿ ಹೋಗಿ ಬನ್ನಿ. ಸೆನ್ಸರ್ ತುದಿಯ ಮಸಿ ಬಿಸಿಗೆ ಸುಟ್ಟು ಹೋಗುತ್ತದೆ. ಲೈಟ್ ಹತ್ತಿದ ಮೇಲೂ ಬಹಳ ದಿನ ಓಡಿಸಿದ್ದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕೆಡಿಸುತ್ತಿತ್ತು. ಅದರ ರೇಟಿನ ಮುಂದೆ ಸೆನ್ಸರ್ ಏನೂ ಅಲ್ಲ.

ರಾಯಚೂರು ಟ್ಯಾಕ್ಸಿ

ತೋರಣಗಲ್ಲು ಅಣ್ಣಾ, ಒಳ್ಳೇದಾಯಿತು. ಮೇಸ್ತ್ರಿ ಅಣ್ಣನಿಗೆ ನನ್ನದೂ ಒಂದು ಪ್ರಶ್ನೆ. ನಮ್ಮ ಸ್ಟ್ಯಾಂಡಿನ ಒಂದು ಗಾಡಿಗೆ ಹಳೇ ಎಲ್‌ಪಿಜಿ ಕಿಟ್ ಇದೆ. ಲೈಟ್ ಬರದ ಹಾಗೆ ಎಮ್ಯುಲೇಟರ್ ಹಾಕಿಸು ಅಂತ ಯಾರೋ ಹೇಳಿದ್ದಾರೆ. ಹಾಕಿಸಬಹುದಾ?

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಹಳೇ ಮಿಕ್ಸರ್ ಮಾದರಿಯ ಕಿಟ್ಟಿನಲ್ಲಿ ಗಾಡಿ ಗ್ಯಾಸಿನಲ್ಲಿ ಓಡುವಾಗ ಮಾತ್ರ ಅದಕ್ಕೆ ಕೆಲಸ. ಪೆಟ್ರೋಲ್ ಇಸಿಯುಗೆ ಸೆನ್ಸರ್ ಕುಣಿಯುತ್ತಿರುವ ಹಾಗೆ ಸಿಗ್ನಲ್ ಕೊಟ್ಟು, ಟ್ರಿಮ್ ಎಲ್ಲೆಲ್ಲೋ ಓಡದ ಹಾಗೆ ತಡೆಯುತ್ತದೆ. ಪೆಟ್ರೋಲಿನಲ್ಲಿ ಓಡುವಾಗಲೂ ಲೈಟ್ ಬರುತ್ತಿದ್ದರೆ ಅದನ್ನು ಹಾಕಿಸಬೇಡಿ. ದೋಷ ಒಳಗೇ ಉಳಿಯುತ್ತದೆ, ಪೆಟ್ರೋಲ್ ಸುಮ್ನೆ ಹಾಳಾಗುತ್ತದೆ. ಮೊದಲು ಗ್ಯಾಸ್ ಬಂದ್ ಮಾಡಿ ಪೆಟ್ರೋಲಿನಲ್ಲೇ ರೀಡಿಂಗ್ ತೆಗೆಸಿ.

ಕೊಪ್ಪಳ ಟೀಚರ್

ಎಲ್ಲವನ್ನೂ ಓದಿದೆ, ಬಹಳ ಉಪಯೋಗವಾಯಿತು. ನನ್ನದು ಬಿಎಸ್ 6 ಪೆಟ್ರೋಲ್ ಗಾಡಿ, ಶಾಲೆಗೆ ಕುಷ್ಟಗಿ ಕಡೆ ಓಡಾಟ. ಕೋಡ್ ಪಿ 0420, ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದು. ಎರಡನೇ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ಹೋಗುತ್ತದೆ ಅಂತ ಹೇಳಿದ್ದಾರೆ. ನಾನೂ ಡಾಂಗಲ್ ಹಾಕಿ ನೋಡಬಹುದಾ ಸರ್? ಆ್ಯಪಿನಲ್ಲಿ ಮೊದಲನೇ ಸೆನ್ಸರಿಗೆ ವೋಲ್ಟ್ ಬದಲು ಲ್ಯಾಂಬ್ಡಾ ಅಂತ ಬರುತ್ತಿದೆ.

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ನೋಡಬಹುದು ಮೇಡಂ. ಲ್ಯಾಂಬ್ಡಾ ಅಂತ ಬಂದರೆ ನಿಮ್ಮ ಮೊದಲನೇ ಸೆನ್ಸರ್ ವೈಡ್‌ಬ್ಯಾಂಡ್, ಗಾಳಿ ಪೆಟ್ರೋಲ್ ಪ್ರಮಾಣವನ್ನೇ ಅಳೆಯುವಂಥದ್ದು. ಅದರ ಲೆಕ್ಕ ಬೇರೆ, ಬಿಸಿ ಐಡಲಿಂಗ್‌ನಲ್ಲಿ 1ರ ಆಸುಪಾಸು ನಿಂತಿರಬೇಕು. ಮೇಲೆ ಬರೆದ 0.1, 0.9 ಅದಕ್ಕೆ ಅನ್ವಯಿಸೋದಿಲ್ಲ.

ನಿಮಗೆ ಮುಖ್ಯ ಎರಡನೇ ಸೆನ್ಸರ್. ಅದು ಕ್ಯಾಟಲಿಟಿಕ್ ಕನ್ವರ್ಟರ್ ಆದ ಮೇಲೆ ಕೂತಿರುತ್ತದೆ. ಕನ್ವರ್ಟರ್ ಒಳ್ಳೆಯದಿದ್ದರೆ ಆಮ್ಲಜನಕವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಆಗ ಎರಡನೇ ಸೆನ್ಸರ್ 0.6, 0.7 ಹತ್ತಿರ ಸುಮಾರಾಗಿ ನೆಟ್ಟಗೆ ನಿಲ್ಲುತ್ತದೆ. ಒಂದೇ ಸ್ಪೀಡಿನಲ್ಲಿ ಹೋಗುವಾಗಲೂ ಅದು ಮೇಲೆ ಕೆಳಗೆ ಜೋರಾಗಿ ಕುಣಿಯುತ್ತಿದ್ದರೆ ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ದೂರು ಕನ್ವರ್ಟರ್ ಮೇಲೆ, ಇಲ್ಲಾ ಅಲ್ಲಿ ಎಲ್ಲೋ ಪೈಪ್ ಜಾಯಿಂಟ್ ಸೋರುತ್ತಿದೆ. ಅಂಥ ಗಾಡಿಗೆ ಎರಡನೇ ಸೆನ್ಸರ್ ಬದಲಿಸಿದರೆ ಕೋಡ್ ಮತ್ತೆ ಬರುತ್ತದೆ.

ಕೋಡ್ ಈಗಲೇ ಅಳಿಸಬೇಡಿ. ಅಳಿಸಿದರೆ ಕೋಡ್ ಬಂದ ಹೊತ್ತಿನ ಫ್ರೀಜ್ ಫ್ರೇಮ್ ಮಾಹಿತಿಯೂ ಹೋಗುತ್ತದೆ. ಯಾವ ಸ್ಪೀಡಿನಲ್ಲಿ, ಎಷ್ಟು ಬಿಸಿಯಲ್ಲಿ ಬಂತು ಅಂತ ಅದರಲ್ಲಿ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಎಂಜಿನ್ ಆಯಿಲ್, ಕೂಲಂಟ್ ಕಮ್ಮಿಯಾಗುತ್ತಿದೆಯಾ ನೋಡಿ. ವಾರಂಟಿ ಇನ್ನೂ ಇದ್ದರೆ ಯಾವುದನ್ನೂ ಬಿಚ್ಚಿಸಬೇಡಿ, ಮೊದಲು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬರವಣಿಗೆಯಲ್ಲಿ ದೂರು ಕೊಡಿ. ಎರಡನೇ ಸೆನ್ಸರಿನ ಗ್ರಾಫ್ ಇಲ್ಲಿ ಹಾಕಿ ಮೇಡಂ, ನೋಡಿ ಹೇಳುತ್ತೇನೆ.

ಗಂಗಾವತಿ ಭತ್ತ

ಹೊಸ ಸೆನ್ಸರ್ ಹಾಕಿಸಿದೆ ಅಣ್ಣಾ. ಹೀಟರ್ ವೈರ್ ನಡುವೆ 9 ಓಮ್ ಬಂತು. ಲೈಟ್ ಆರಿದೆ. ಹಳೇದರ ತುದಿ ಬೂದು ಬಣ್ಣ ಇದೆ, ಬಿಳಿ ಪುಡಿ ಏನೂ ಇಲ್ಲ.

ಕೌಲ್ ಬಜಾರ್ ಎಲೆಕ್ಟ್ರಿಶಿಯನ್

ಬೂದು ಬಣ್ಣ ಒಳ್ಳೇದು, ಎಂಜಿನ್ ಸರಿಯಾಗಿ ಉರಿಯುತ್ತಿದೆ. ನಿಮ್ಮ ಕೆಲಸ ಮುಗಿಯಿತು.